ಮಹಾವೀರಾಚಾರ್ಯನ ಸಂಖ್ಯಾಕಂಠಿಕೆಗಳು

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯು ನಗರವನ್ನು ಬಿಡುವ ಮೊದಲು ಹಡಪಸರವನ್ನು ಹಾದುಹೋಗುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಊರು ಪರಿಚಿತವಾಗಿರುವುದು ೧೮೦೨ನೆಯ ಇಸವಿಯ ಅಕ್ಟೋಬರ್ ೨೫ರಂದು ಯಶವಂತರಾವ ಹೋಳ್ಕರನು ಪೇಶವೆ ಮತ್ತು ಸಿಂದೆಯರ ಕೂಡುಸೇನೆಯನ್ನು ಸೋಲಿಸಿದ ಕಾಳಗದಿಂದ. ಇಂದಿನವರಿಗೆ, ಕಾರ್ಖಾನೆಗಳಿಂದ ಮತ್ತು ಮಗರಪಟ್ಟೆಯ ಕಂಪ್ಯೂಟರ್ ಕಚೇರಿಗಳಿಂದ. ಇಲ್ಲಿ ಬಂದು ನೆಲಸಿದ ಕನ್ನಡಿಗನಿಗಾದರೋ ಊರಿನ ಹೆಸರಿನಲ್ಲಿಯೇ ಒಂದು ಆಕರ್ಷಣೆಯುಂಟು. ಹಡಪವೆಂದರೆ ಎಲೆಯಡಕೆಯ ಚೀಲ. ಶರಣರ ಚರಿತ್ರೆಯನ್ನು ಬಲ್ಲವರಿಗೆ ಹಡಪದ ಅಪ್ಪಣ್ಣನ ನೆನಪು ಕೂಡಲೆ ಬರುತ್ತದೆ. ಆದರೆ ಧ್ವನಿಸಾಮ್ಯವೊಂದನ್ನೇ ಹಿಡಿದು ಊರಿನ ಮೂಲವನ್ನು ನಿರ್ಣಯಿಸುವುದು ಶಾಸ್ತ್ರಸಮ್ಮತವಲ್ಲ. ಈ ನೆಲಕ್ಕೂ ಕನ್ನಡದ ಅರಸುಮನೆತನಕ್ಕೂ ಇದ್ದ ಸಂಬಂಧಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆಯೇ ಇದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ತಳೇಗಾವ ತಾಮ್ರಪಟವು ಶಕ ೬೯೦, ಎಂದರೆ ಕ್ರಿ. ಶ. ೭೬೮ರಲ್ಲಿ ಪುಣೆಯ ಸುತ್ತಣ ನಾಡನ್ನು ಪೂನಕ ವಿಷಯವೆಂದು ಹೆಸರಿಸಿ ದಾನ ಕೊಟ್ಟದ್ದನ್ನು ದಾಖಲಿಸುತ್ತದೆ. ತಾಮ್ರದ ಮೇಲೆ ಕೊರೆದ ಮಾತಿಗೂ ಕಿವಿಗೆ ಹಿತವಾದ ಊಹೆಗೂ ಇರುವ ಅಂತರವನ್ನು ಮರೆಯದಿದ್ದರೆ ಸಾಕು.

ಅದೇ ಅಂತರವನ್ನು ಇನ್ನೊಂದು ವಿಷಯದಲ್ಲಿಯೂ ಪಾಲಿಸಬೇಕಾಗಿದೆ. ಹಡಪಸರದ ಹೆದ್ದಾರಿಯನ್ನೇ ಹಿಡಿದು ಸೊಲ್ಲಾಪುರವನ್ನು ಮುಟ್ಟಿ, ಅಲ್ಲಿಂದ ಅಕ್ಕಲಕೋಟೆಯ ಕಡೆಗೆ ತಿರುಗಿ ಕಲಬುರಗಿಯನ್ನು ದಾಟಿದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, ಸಿಗುತ್ತದೆ. ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಸಭೆ ಸಮಾರಂಭಗಳಲ್ಲಿ ಈ ಗ್ರಂಥದ ಹೆಸರು ಆಗಾಗ ಕೇಳಿಬರುತ್ತದೆ. ‘ಕನ್ನಡಿಗರ ಗಣಿತಪ್ರತಿಭೆ’ಗೆ ಸಾಕ್ಷಿಯೆಂದು ಅದನ್ನು ಮುಂದಿಡುವುದೂ ಉಂಟು. ಗ್ರಂಥವನ್ನು ತೆರೆದು ಒಂದು ಲೆಕ್ಕವನ್ನಾದರೂ ಮಾಡಿ ನೋಡಿದವರು ಮಾತ್ರ ವಿರಳ. ಆಚಾರ್ಯನ ಒಂದು ದೊಡ್ಡ ಸಂಖ್ಯೆಯನ್ನು ತೆಗೆದುಕೊಂಡು ಅದನ್ನು ಬಿಡಿಸಿ ನೋಡುವುದೇ ಇಲ್ಲಿಯ ಉದ್ದೇಶ. ಆ ಸಂಖ್ಯೆ ೧೨೩೪೫೬೫೪೩೨೧.

ಗ್ರಂಥಕರ್ತನ ವಿಷಯವಾಗಿ ಮೊದಲು ಎರಡು ಮಾತು. ಆರಂಭದ ಪದ್ಯಗಳಲ್ಲಿ ಅವನು ತೀರ್ಥಂಕರ ಮಹಾವೀರನನ್ನು ವಂದಿಸಿ, ಅನಂತರ ಅಮೋಘವರ್ಷನನ್ನು ಕೊಂಡಾಡುತ್ತಾನೆ. ಅವನ ಕಾಲಕ್ಕೂ ನಾಡಿಗೂ ಆಧಾರವೆಂದರೆ ಆ ಸ್ತುತಿಯೇ. ಭಾಷೆ ಸಂಸ್ಕೃತ. ಸಾವಿರದ ನೂರಕ್ಕೂ ಮಿಕ್ಕ ಪದ್ಯಗಳು ಒಂಬತ್ತು ಅಧ್ಯಾಯಗಳಲ್ಲಿ ಹಂಚಿಕೊಂಡಿವೆ. ಖಗೋಳಗ್ರಂಥದ ಒಂದು ಭಾಗವಾಗಿರದೆ ಗಣಿತವೊಂದನ್ನೇ ಕುರಿತು ಬರೆದ ಪುಸ್ತಕವಿದು. ಹಿಂದಿನ ಆರ್ಯಭಟನಾಗಲಿ ಬ್ರಹ್ಮಗುಪ್ತನಾಗಲಿ ಗಣಿತವನ್ನು ಗ್ರಹಗತಿಯ ಸೇವೆಯಲ್ಲಿ ಇರಿಸಿಕೊಂಡಿದ್ದರು. ಮಹಾವೀರಾಚಾರ್ಯನು ಅದಕ್ಕೆ ಬೇರೆಯೇ ಮನೆಯನ್ನು ಕಟ್ಟಿಕೊಟ್ಟನು. ಮೊದಲನೆಯ ಅಧ್ಯಾಯದಲ್ಲಿ ಏಕ, ದಶ, ಶತ ಎಂದು ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಹನ್ನೊಂದು ಅಂಕೆಯ ಸಂಖ್ಯೆ ಅವನಿಗೆ ದೊಡ್ಡದೇನೂ ಅಲ್ಲ.

ಎರಡನೆಯ ಅಧ್ಯಾಯವಾದ ಪರಿಕರ್ಮವ್ಯವಹಾರವು ಗುಣಾಕಾರದಿಂದ ಆರಂಭವಾಗುತ್ತದೆ. ಮೊದಮೊದಲ ಲೆಕ್ಕಗಳು ಸರಳವಾದವು: ಒಂದೊಂದು ಜಿನಾಲಯಕ್ಕೆ ಎಂಟೆಂಟು ತಾವರೆಗಳಂತೆ ೧೪೪ ಜಿನಾಲಯಗಳಿಗೆ ಎಷ್ಟು? ಬಳಿಕ ಸಂಖ್ಯೆಗಳು ಬೆಳೆಯುತ್ತವೆ. ಒಂದು ಜಿನಾಲಯಕ್ಕೆ ೧೩೯ ಪುಷ್ಯರಾಗಗಳಂತೆ ೧೦೯ ಜಿನಾಲಯಗಳಿಗೆ ಎಷ್ಟಾಗುತ್ತದೆಂದು ಕೇಳುತ್ತಾನೆ. ಉತ್ತರ ೧೫೧೫೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದನ್ನು ಕಂಡ ವಿದ್ಯಾರ್ಥಿ ಕಾಕತಾಳೀಯವೆಂದು ಮುಂದೆ ಹೋಗಬಹುದು. ಸ್ವಲ್ಪ ಮುಂದೆ ಆಚಾರ್ಯನು ಏಕಸ್ಥಾನದಿಂದ ತೊಡಗಿ ಒಂದು, ಎಂಟು, ಆರು, ನಾಲ್ಕು, ಒಂಬತ್ತು, ಒಂಬತ್ತು, ಏಳು, ಎರಡು ಎಂಬ ಅಂಕೆಗಳನ್ನು ಬರೆಯಿಸಿ, ಹಾಗೆ ದೊರೆತ ೨೭೯೯೪೬೮೧ನ್ನು ೪೪೧ರಿಂದ ಗುಣಿಸಹೇಳುತ್ತಾನೆ.

ಕಾಗದದ ಮೇಲೆ ಮಾಡಿ ನೋಡೋಣವೆನ್ನುವವರಿಗೆ: ಗುಣ್ಯವನ್ನು ೪೦೦ರಿಂದ ಗುಣಿಸಿದರೆ ೧೧೧೯೭೮೭೨೪೦೦, ೪೦ರಿಂದ ಗುಣಿಸಿದರೆ ೧೧೧೯೭೮೭೨೪೦, ಒಂದರಿಂದ ೨೭೯೯೪೬೮೧. ಈ ಮೂರನ್ನೂ ಕೂಡಿದರೆ ಬರುವುದು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಹತ್ತಿ, ಆರರಿಂದ ಒಂದರವರೆಗೆ ಇಳಿದುಬರುವ ಸಂಖ್ಯೆ. ಲೋಕರೂಢಿಯಲ್ಲಿ ಹೇಳುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹಾಗೆ ಹೇಳಿದರೆ ಅದರ ರೂಪ ಕಿವಿಗೆ ತಿಳಿಯದು, ಕಣ್ಣಿಗೇ ತಿಳಿಯಬೇಕು.

ಈ ಸಂಖ್ಯೆ ಎಲ್ಲಿಂದ ಬಂತು? ೧೧೧೧೧೧ನ್ನು ಅದರಿಂದಲೇ ಗುಣಿಸಿದರೆ ಇದು ದೊರೆಯುತ್ತದೆ. ಆರು ಒಂದುಗಳ ಸಾಲನ್ನು, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸಿ, ಆರು ಸಲ ಒಂದರ ಕೆಳಗೊಂದು ಬರೆದರೆ ಕಂಬಗಳ ಮೊತ್ತ ಒಂದು, ಎರಡು, ಮೂರು, ನಾಲ್ಕು, ಐದು, ಆರು, ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು ಎಂದು ಬರುತ್ತದೆ. ಯಾವ ಕಂಬವೂ ಹತ್ತನ್ನು ಮುಟ್ಟದೆ ಇರುವುದರಿಂದ ಮುಂದಿನ ಸ್ಥಾನಕ್ಕೆ ದಶಕ ಹೋಗುವುದಿಲ್ಲ, ಆಕಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಸೊಬಗು ನಿಲ್ಲುತ್ತದೆ. ಹತ್ತು ಒಂದುಗಳ ವರ್ಗ ೧೨೩೪೫೬೭೯೦೦೯೮೭೬೫೪೩೨೧, ನಡುವಿನಲ್ಲಿ ಮುರಿದುಹೋಯಿತು.

ಹಾಗಾದರೆ ಒಂಬತ್ತರವರೆಗೆ ಹೋಗಬಹುದಾಗಿದ್ದಾಗ ಆಚಾರ್ಯನು ಆರರಲ್ಲಿ ಏಕೆ ನಿಂತನು? ಉತ್ತರ ಸಂಖ್ಯೆಯ ಒಳಗೇ ಇದೆಯೆಂದು ತೋರುತ್ತದೆ. ಐದು ಒಂದುಗಳ ಸಂಖ್ಯೆ ೪೧ ಮತ್ತು ೨೭೧ ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ. ಏಳು ಒಂದುಗಳದು ೨೩೯ ಮತ್ತು ೪೬೪೯ರ ಗುಣಲಬ್ಧ. ಇವುಗಳನ್ನು ಒಡೆಯುವುದು ಕಲ್ಲನ್ನು ಹಲ್ಲಿನಿಂದ ಕಡಿದಂತೆ. ಆರು ಒಂದುಗಳಾದರೋ ೩, ೭, ೧೧, ೧೩, ೩೭ ಎಂಬ ಐದು ಸಣ್ಣ ಅವಿಭಾಜ್ಯಗಳಾಗಿ ಬಿಡಿಸಿಕೊಳ್ಳುತ್ತವೆ. ಆದ್ದರಿಂದ ೧೨೩೪೫೬೫೪೩೨೧ಕ್ಕೆ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಅಪವರ್ತನಗಳು. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ೨೪೩. ಇನ್ನೊಂದು ವಿಷಯ: ಗುಣಕವಾದ ೪೪೧ ಎಂಬುದು ೨೧ರ ವರ್ಗ, ಎಂದರೆ ೩ ಮತ್ತು ೭ರ ಗುಣಲಬ್ಧದ ವರ್ಗ. ಗುಣ್ಯವಾದ ೨೭೯೯೪೬೮೧ ಎಂಬುದು ೫೨೯೧ರ ವರ್ಗ; ೫೨೯೧ ಎಂದರೆ ಉಳಿದ ೧೧, ೧೩, ೩೭ರ ಗುಣಲಬ್ಧ. ಆರು ಒಂದುಗಳನ್ನು ೨೧ ಮತ್ತು ೫೨೯೧ ಎಂದು ಎರಡಾಗಿ ಸೀಳಿ, ಎರಡು ಹೋಳುಗಳನ್ನೂ ವರ್ಗಮಾಡಿ, ಒಂದನ್ನು ಗುಣ್ಯವೆಂದೂ ಮತ್ತೊಂದನ್ನು ಗುಣಕವೆಂದೂ ವಿದ್ಯಾರ್ಥಿಯ ಮುಂದೆ ಇಟ್ಟಂತೆ ಕಾಣುತ್ತದೆ. ಗುಣ್ಯವೂ ಗುಣಕವೂ ಎರಡೂ ಪೂರ್ಣವರ್ಗಗಳಾಗಿರುವುದು ಆಕಸ್ಮಿಕವೆಂದು ನಂಬುವುದು ಕಷ್ಟ. ಅದೇ ಪ್ರಕರಣದಲ್ಲಿ ೨೬೨೧೪೪ನ್ನು ೬೪ರಿಂದ ಗುಣಿಸುವ ಲೆಕ್ಕವಿದೆ. ಅಲ್ಲಿಯೂ ಮೊದಲನೆಯದು ೫೧೨ರ ವರ್ಗ, ಎರಡನೆಯದು ೮ರ ವರ್ಗ.

ಈ ಸಂಖ್ಯೆಗೆ ಆಚಾರ್ಯನು ಯಾವ ಬಿರುದನ್ನೂ ಕೊಟ್ಟಿಲ್ಲ. ಆದರೆ ಅದರ ನೆರೆಯಲ್ಲಿರುವ ಲೆಕ್ಕಗಳ ಉತ್ತರಗಳನ್ನು ಅವನು ‘ಕಂಠಿಕೆ’ ಎಂದು ಕರೆಯುತ್ತಾನೆ. ಕೊರಳಿನಲ್ಲಿ ಹಾಕಿಕೊಂಡ ಸರದ ಮಣಿಗಳು ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಒಂದೇ ಕ್ರಮದಲ್ಲಿರುತ್ತವೆ. ಹೆಸರಿನ ಔಚಿತ್ಯ ಅಷ್ಟರಲ್ಲಿಯೇ ಸ್ಪಷ್ಟ. ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿದರೆ ೧೧೧೧೧೧೧೧೧. ಇದು ನರಪಾಲನ ಕಂಠಿಕೆ. ೧೪೨೮೭೧೪೩ನ್ನು ಏಳರಿಂದ ಗುಣಿಸಿದರೆ ೧೦೦೦೧೦೦೦೧, ರತ್ನದ ಕಂಠಿಕೆ. ೧೪೨೮೫೭೧೪೩ನ್ನು ಏಳರಿಂದಲೇ ಗುಣಿಸಿದರೆ ೧೦೦೦೦೦೦೦೦೧, ರಾಜಕಂಠಿಕೆ. ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆಲ್ಲ ಸೊನ್ನೆ: ರಾಜನಿಗೆ ಇಷ್ಟು ಬರಿದಾದ ಸರವೇ ಎಂದು ಯಾರಾದರೂ ನಗಬಹುದು. ಆದರೆ ಸೊನ್ನೆಯು ಏನೂ ಇಲ್ಲದ ಸ್ಥಾನವನ್ನು ಹಿಡಿದು ನಿಲ್ಲಿಸುವ ಅಂಕೆಯೆಂಬುದು ಚೆನ್ನಾಗಿ ಮನನವಾಗದೆ ಇಂಥ ಲೆಕ್ಕವನ್ನು ಯಾರೂ ಕಟ್ಟಲಾರರು. ಆರು ಮೂರುಗಳು, ಐದು ಆರುಗಳು, ಕೊನೆಗೆ ಒಂದು ಏಳು, ಎಂದರೆ ೩೩೩೩೩೩೬೬೬೬೬೭. ಇದನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ಇದು ರಾಜಪುತ್ರನಿಗೆ ತಕ್ಕ ಆಭರಣವಂತೆ.

ಮುಖ್ಯವಾಗಿ ಗಮನಿಸಬೇಕಾದ ಅಂಶವಿದು. ಗುಣಿಸುತ್ತ ಗುಣಿಸುತ್ತ ಇಂಥ ಸರಗಳು ದೊರೆಯಲಿ ಎಂದು ಕಾಯುತ್ತ ಕುಳಿತರೆ ಆಯುಷ್ಯವೇ ಸಾಲದು. ಆಚಾರ್ಯನು ಮೊದಲು ಸರವನ್ನು ಕಟ್ಟಿರಬೇಕು. ಆಮೇಲೆ ಅದನ್ನು ಬಿಚ್ಚಿರಬೇಕು. ೧೫೧೫೧ನ್ನೇ ನೋಡಿ. ೧೩೯, ೧೦೯ ಎರಡೂ ಅವಿಭಾಜ್ಯಗಳು. ೧೦೯ಕ್ಕಿಂತ ಚಿಕ್ಕದಾದ ಯಾವ ಅವಿಭಾಜ್ಯವೂ ೧೫೧೫೧ನ್ನು ಭಾಗಿಸುವುದಿಲ್ಲ. ಆ ಸಂಖ್ಯೆಯಿಂದ ಹೊರಟವನು ಎರಡರಿಂದ ತೊಡಗಿ ಅವಿಭಾಜ್ಯಗಳನ್ನು ಒಂದೊಂದಾಗಿ ಭಾಗಿಸಿ ನೋಡಿದ್ದರೆ, ಇಪ್ಪತ್ತೆಂಟು ಸಲ ಸೋತು ಇಪ್ಪತ್ತೊಂಬತ್ತನೆಯ ಸಲ ಗೆಲ್ಲುತ್ತಿದ್ದನು. ಎಂಟು ಒಂದುಗಳ ಸಂಖ್ಯೆಯಿಂದ ೭೩ನ್ನು ಹೊರತೆಗೆಯುವುದೂ ಅಷ್ಟೇ ಶ್ರಮದ ಕೆಲಸ. ಅದರ ಅಪವರ್ತನಗಳು ೧೧, ೭೩, ೧೦೧, ೧೩೭. ಅವುಗಳಲ್ಲಿ ೭೩ನ್ನು ಮಾತ್ರ ಆರಿಸಿ ಉಳಿದ ಮೂರನ್ನು ೧೫೨೨೦೭ ಎಂಬ ಒರಟು ಮುಖದ ಸಂಖ್ಯೆಯಲ್ಲಿ ಅಡಗಿಸಿದ್ದರಿಂದಲೇ ಲೆಕ್ಕಕ್ಕೆ ಬೆರಗು ಬಂದಿದೆ.

ರಾಜಪುತ್ರನ ಸರದಲ್ಲಿ ಇನ್ನೂ ಒಂದು ಗುಟ್ಟಿದೆ. ೭, ೧೧, ೧೩ ಇವುಗಳ ಗುಣಲಬ್ಧ ೧೦೦೧. ಆಚಾರ್ಯನು ೭ ಮತ್ತು ೧೩ನ್ನು ಕೂಡಿಸಿ ೯೧ ಎಂಬ ಗುಣಕವನ್ನು ಮಾಡಿದನು. ೧೧ನ್ನು ೧೦೦೧೦೦೧ರೊಡನೆ ಸೇರಿಸಿ ೧೧೦೧೧೦೧೧ ಎಂಬ ಗುಣ್ಯವನ್ನು ಮಾಡಿದನು. ಗುಣಿಸುವವನು ತಾನರಿಯದೆಯೇ ೧೦೦೧ನ್ನು ಮತ್ತೆ ಜೋಡಿಸುತ್ತಾನೆ. ಇದೇ ೧೦೦೧ ಆರು ಒಂದುಗಳಲ್ಲಿಯೂ ಇದೆ, ರಾಜಕಂಠಿಕೆಯಲ್ಲಿಯೂ ಇದೆ. ಬೇರೆ ಬೇರೆ ಲೆಕ್ಕಗಳಂತೆ ತೋರುವ ಇವೆಲ್ಲ ಒಂದೇ ಕುಟುಂಬದವು.

ಇವುಗಳ ಪ್ರಯೋಜನವೇನೆಂದು ಕೇಳಬಹುದು. ಅಂದಿನ ಲೆಕ್ಕ ನಡೆಯುತ್ತಿದ್ದುದು ಧೂಳು ಹರಡಿದ ಹಲಗೆಯ ಮೇಲೆ. ಕವಾಟಸಂಧಿಯೆಂಬ ಗುಣಾಕಾರಕ್ರಮದಲ್ಲಿ ಗುಣಕವನ್ನು ಗುಣ್ಯದ ಮೇಲೋ ಕೆಳಗೋ ಇಟ್ಟು ಸರಿಸುತ್ತ, ಹಳೆಯ ಅಂಕೆಯನ್ನು ಒರಸಿ ಹೊಸದನ್ನು ಬರೆಯುತ್ತ ಹೋಗಬೇಕು. ಕೊನೆಗೆ ಉಳಿಯುವುದು ಉತ್ತರ ಮಾತ್ರ. ತಪ್ಪು ಎಲ್ಲಿ ನುಸುಳಿತೆಂದು ಹಿಂತಿರುಗಿ ನೋಡಲು ದಾರಿಯೇ ಇಲ್ಲ. ಅಂಥ ಹಲಗೆಯ ಮೇಲೆ ಕಲಿಯುವ ಹುಡುಗನಿಗೆ, ಉತ್ತರವು ಸರದ ಹಾಗೆ ಎರಡು ಕಡೆಯಿಂದಲೂ ಸರಿಹೊಂದಿದರೆ ಗುರುವನ್ನು ಕೇಳದೆಯೇ ಲೆಕ್ಕ ಸರಿಯಾಯಿತೆಂದು ತಿಳಿಯುತ್ತದೆ. ಒಂದು ಮಣಿ ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಗ್ರಂಥದಲ್ಲಿ ಈ ಮಾತಿಲ್ಲ. ಆದರೆ ಕಂಠಿಕೆಗಳು ಗುಣಾಕಾರದ ಅಭ್ಯಾಸದಲ್ಲಿಯೇ, ಕಲಿಕೆಯ ಹೊಸ್ತಿಲಲ್ಲಿಯೇ ಬರುವುದನ್ನು ನೋಡಿದರೆ ಈ ಊಹೆ ಅಸಂಗತವಾಗಿ ತೋರದು.

ಹೊಗಳಿಕೆಗೆ ಮಿತಿಯೂ ಬೇಕು. ಸಂಖ್ಯೆಗಳನ್ನು ಹೀಗೆ ಒಡೆಯುವುದಕ್ಕೆ ಆಚಾರ್ಯನು ಈ ಪ್ರಕರಣದಲ್ಲಿ ಯಾವ ಸೂತ್ರವನ್ನೂ ಕೊಡುವುದಿಲ್ಲ. ಸರವನ್ನು ತೋರಿಸುತ್ತಾನೆ, ದಾರವನ್ನು ತೋರಿಸುವುದಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸರಿಯಾಗಿ ಹೇಳಿದವನೇ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ತಪ್ಪಾಗಿ ಹೇಳಿದ್ದಾನೆ. ಹಡಪಸರದ ಕಚೇರಿಗಳಲ್ಲಿ ಕಂಪ್ಯೂಟರುಗಳೊಡನೆ ಕೆಲಸಮಾಡುವ ತರುಣರಿಗೆ ಗೊತ್ತಿರುವ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಅತಿಕಷ್ಟ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಅಸಮಾನತೆಯ ಮೇಲೆಯೇ ಗುಪ್ತಲಿಪಿಯ ಒಂದು ಪದ್ಧತಿಯನ್ನು ಕಟ್ಟಿದರು. ೨೫೦ ಅಂಕೆಗಳ ಅಂಥದೊಂದು ಸಂಖ್ಯೆಯನ್ನು ೨೦೨೦ರಲ್ಲಿ ಒಡೆಯಲು ಅನೇಕ ಯಂತ್ರಗಳು ಕೂಡಿ ದುಡಿಯಬೇಕಾಯಿತು. ಇದನ್ನೆಲ್ಲ ಮಳಖೇಡದಲ್ಲಿ ಆಗಲೇ ಬಲ್ಲವರಾಗಿದ್ದರೆನ್ನುವುದು ಹಡಪದ ವ್ಯುತ್ಪತ್ತಿಗಿಂತಲೂ ದುರ್ಬಲವಾದ ವಾದ. ಗುಣಿಸುವ ಕೆಲಸವನ್ನು ಶಿಷ್ಯನಿಗೆ ಬಿಟ್ಟು ಒಡೆಯುವ ಕೆಲಸವನ್ನು ತಾನೇ ಮಾಡಿಕೊಂಡ ಗುರುವಿಗೆ ಯಾವುದು ಕಷ್ಟವೆಂಬುದು ಗೊತ್ತಿತ್ತು. ಅಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಇದು ಬರಿಯ ಆಟವೆನ್ನುವ ಆಕ್ಷೇಪ ಹೊಸದಲ್ಲ. ಮಹಾರಾಷ್ಟ್ರದಲ್ಲಿಯೇ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ (೧೯೦೫–೧೯೮೬) ಅವರು ಇಂಥದೇ ಮಾತನ್ನು ಕೇಳಬೇಕಾಯಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ೧೯೬೨ರವರೆಗೆ ಶಾಲಾಮಾಸ್ತರರಾಗಿದ್ದ ಅವರು ಅಂಕೆಗಳ ಗುಣವನ್ನೇ ಜೀವಮಾನವೆಲ್ಲ ಅಭ್ಯಾಸಮಾಡಿದರು. ೬೧೭೪ ಎಂಬ ಸಂಖ್ಯೆ ಇಂದು ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಆದರೆ ದೇಶದ ಗಣಿತಜ್ಞರಲ್ಲಿ ಹಲವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ೧೯೭೫ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡನರ್ ಬರೆದ ಮೇಲೆ ಹೊರಗಿನವರ ಗಮನ ಇತ್ತ ಹರಿಯಿತು. ಕಾಪ್ರೇಕರರು ಪರಿಶೀಲಿಸಿದ ಸಂಖ್ಯೆಗಳಲ್ಲಿ ೧, ೧೨೧, ೧೨೩೨೧ ಎಂಬ ಸಾಲೂ ಒಂದು. ಈ ವಿಚಾರ ಹೊಳೆದದ್ದು ಜಿ. ಐ. ಪಿ. ರೈಲುದಾರಿಯ ಡೆಮ್ಲೋ, ಎಂದರೆ ಇಂದಿನ ಡೊಂಬಿವಲಿ, ನಿಲ್ದಾಣದಲ್ಲಾದ್ದರಿಂದ ಅವರು ಇವುಗಳಿಗೆ ಡೆಮ್ಲೋ ಸಂಖ್ಯೆಗಳೆಂದು ಹೆಸರಿಟ್ಟರು. ಆ ಸಾಲಿನಲ್ಲಿ ಆರನೆಯದು ೧೨೩೪೫೬೫೪೩೨೧. ಮಾನ್ಯಖೇಟದ ಅರಸನ ಕಾಲದಲ್ಲಿ ಹೆಸರಿಲ್ಲದೆ ಉಳಿದ ಸಂಖ್ಯೆಗೆ ಸಾವಿರ ವರ್ಷಗಳ ಮೇಲೆ ಒಂದು ರೈಲುನಿಲ್ದಾಣದ ಹೆಸರು ಬಂದಿತು.

ಇನ್ನು ಗ್ರಂಥ ಉಳಿದುಬಂದ ಬಗೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, ೧೯೦೮ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯೂಜಿನ್ ಸ್ಮಿತ್ ಅವರು ರೋಮ್ ನಗರದ ಗಣಿತ ಸಮ್ಮೇಳನದಲ್ಲಿ ಈ ಗ್ರಂಥದ ಪರಿಚಯವನ್ನು ಮಾಡಿಕೊಟ್ಟಿದ್ದರು. ಮುದ್ರಿತ ಗ್ರಂಥಕ್ಕೆ ಪೀಠಿಕೆಯೂ ಅವರದೇ. ರಂಗಾಚಾರ್ಯರಿಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗಳಿದ್ದವು. ಒಂದು ಪ್ರತಿ ಮೂಡುಬಿದಿರೆಯ ಜೈನಮಠದಿಂದ ಬಂದದ್ದು. ವಲ್ಲಭನೆಂಬವನು ಕನ್ನಡದಲ್ಲಿ ಬರೆದ ವಿವರಣೆಯೂ ದೊರೆತಿತ್ತು. ಸಂಸ್ಕೃತದ ಪದ್ಯವನ್ನು ಓದಿ ಕನ್ನಡದಲ್ಲಿ ಅರ್ಥಹೇಳಿ ಲೆಕ್ಕ ಮಾಡಿಸುತ್ತಿದ್ದ ಉಪಾಧ್ಯಾಯರ ಪರಂಪರೆ ಇತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆಚಾರ್ಯನ ಮನೆಮಾತು ಯಾವುದೆಂಬ ಚರ್ಚೆಗಿಂತ, ಅವನ ಪುಸ್ತಕವನ್ನು ಕಾಪಾಡಿದ ಕೈಗಳು ಬರೆದ ಲಿಪಿ ಯಾವುದೆಂಬುದು ಹೆಚ್ಚು ಬೆಲೆಯುಳ್ಳ ಸಂಗತಿ.

ಆದರೂ ತೆಲುಗರು ಈ ವಿಷಯದಲ್ಲಿ ಮುಂದಾಗಿದ್ದರು. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗು ಪದ್ಯಗಳಿಗೆ ಇಳಿಸಿದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದವುಗಳನ್ನು ಬರೆದು ಗಣಿತವನ್ನು ದೇಶಭಾಷೆಗೆ ತಂದನೆಂಬುದು ನಿಜ. ಅವು ಅವನ ಸ್ವತಂತ್ರ ಗ್ರಂಥಗಳು. ಹಿಂದಿಯ ಅನುವಾದವು ಲಕ್ಷ್ಮೀಚಂದ್ರ ಜೈನರಿಂದ ಸಿದ್ಧವಾಗಿ ೧೯೬೩ರಲ್ಲಿ ಹೊರಬಂದಿತು. ಅದನ್ನು ಪ್ರಕಟಿಸಿದ್ದು ಹಡಪಸರದ ದಾರಿ ಮುಟ್ಟುವ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆ. ಮಾಲೆಯ ಸಂಪಾದಕರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆ ಅವರು. ಪದ್ಮಾವತಮ್ಮನವರ ಕನ್ನಡ ಅನುವಾದವು ಮೂಲದೊಡನೆಯೂ ರಂಗಾಚಾರ್ಯರ ಇಂಗ್ಲಿಷಿನೊಡನೆಯೂ ಹೊಂಬುಜದಿಂದ ಪ್ರಕಟವಾದದ್ದು ೨೦೦೦ದಲ್ಲಿ. ಮದರಾಸಿನ ಮುದ್ರಣಕ್ಕೂ ಇದಕ್ಕೂ ನಡುವೆ ೮೮ ವರ್ಷಗಳ ಅಂತರವಿದೆ. ಸಭೆಗಳಲ್ಲಿ ಆಚಾರ್ಯನ ಹೆಸರು ಹೇಳುವವರಿಗೆ ಈಗ ಓದುವುದಕ್ಕೆ ಭಾಷೆಯ ಅಡ್ಡಿಯಿಲ್ಲ. ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವು ಎರಡನೆಯ ಅಧ್ಯಾಯವನ್ನು ತೆರೆದ ಕೂಡಲೆ, ಪುಷ್ಯರಾಗದ ಲೆಕ್ಕವಾದ ಸ್ವಲ್ಪದರಲ್ಲಿಯೇ ಸಿಗುತ್ತದೆ.